ಬೆಳಕಿನಿಂದ ಚಿತ್ರ ಬರೆಸಿದ ನಿಯೆಪ್ಸ್

ತರಗತಿಯ ಗುಂಪುಚಿತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳುವ ನಾವು ಜೋಸೆಫ್ ನಿಸೆಫೋರ್ ನಿಯೆಪ್ಸ್ ಎಂಬಾತನನ್ನು ನೆನೆಯಬೇಕು.

ಈತನು 1765ರ ಮಾರ್ಚ್ 7ರಂದು ಫ್ರಾನ್ಸಿನ ಶಾಲೋನ್ ಪಟ್ಟಣದಲ್ಲಿ ಜನಿಸಿದನು. ಕಲ್ಲಚ್ಚಿನ ಮುದ್ರಣದಲ್ಲಿ ಬಹಳ ಆಸಕ್ತಿ. ಆದರೆ ಚಿತ್ರಕಲೆ ಕೈಗೆ ಒಲಿದಿರಲಿಲ್ಲ. ಸೂರ್ಯನಿಂದಲೇ ಚಿತ್ರ ಬರೆಸಬಾರದೇಕೆ ಎಂದು ಯೋಚಿಸಿದನು. 1816ರಲ್ಲಿ ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಚಿತ್ರವೇನೋ ಮೂಡಿತು. ಆದರೆ ಅದು ಬೆಳಕಿನಲ್ಲಿ ಕಪ್ಪಾಗದಂತೆ ಉಳಿಸಲು ಸಾಧ್ಯವಾಗಲಿಲ್ಲ.

ನಿಯೆಪ್ಸ್ ಎದೆಗುಂದಲಿಲ್ಲ. ಬಿಟುಮೆನ್ ಎಂಬ ಡಾಂಬರನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ಕರಗಿಸಿ, ಲೋಹದ ತಗಡಿಗೆ ತೆಳ್ಳಗೆ ಬಳಿದನು. ಬೆಳಕು ಬಿದ್ದ ಕಡೆ ಡಾಂಬರಿನ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಪದರವು ಗಟ್ಟಿಯಾಗುತ್ತದೆ. ನೆರಳಿನ ಕಡೆ ಗಟ್ಟಿಯಾಗದೆ, ಎಣ್ಣೆಯಲ್ಲಿ ತೊಳೆದಾಗ ಕರಗಿಹೋಗುತ್ತದೆ. ಉಳಿದದ್ದೇ ಚಿತ್ರ! 1826-27ರ ಸುಮಾರಿಗೆ ಮನೆಯ ಕಿಟಕಿಯಲ್ಲಿ ಕ್ಯಾಮೆರಾ ಇಟ್ಟು, ಕನಿಷ್ಠ ಎಂಟು ಗಂಟೆ ಕಾದು, ಹೊರಗಿನ ಮಾಡುಗಳ ಚಿತ್ರ ಪಡೆದನು. ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರ ಅದೇ.

ಅಷ್ಟರಲ್ಲಿ ಅಣ್ಣ ಕ್ಲೋಡ್, ತಾವಿಬ್ಬರೂ ಕಂಡುಹಿಡಿದ ಎಂಜಿನಿನ ಬೆನ್ನುಹತ್ತಿ, ಇಂಗ್ಲೆಂಡಿನಲ್ಲಿ ಮನೆತನದ ಹಣದ ಬಹುಪಾಲನ್ನು ಕಳೆದಿದ್ದನು. 1829ರಲ್ಲಿ ನಿಯೆಪ್ಸ್ ದಾಗೆರ್ ಎಂಬಾತನೊಡನೆ ಪಾಲುದಾರನಾದನು. ಆದರೆ 1833ರ ಜುಲೈ 5ರಂದು, ಕೀರ್ತಿ ಕಾಣುವ ಮೊದಲೇ ಕಣ್ಮುಚ್ಚಿದನು. 1839ರಲ್ಲಿ ಲೋಕವು ಕೊಂಡಾಡಿದ್ದು ದಾಗೆರನನ್ನು!

ಮರೆತುಹೋಗಿದ್ದ ಆ ತಗಡನ್ನು 1952ರಲ್ಲಿ ಇತಿಹಾಸಕಾರ ಹೆಲ್ಮುಟ್ ಗರ್ನ್‌ಶೈಮ್ ಪತ್ತೆಹಚ್ಚಿದನು. ಈಗ ಅದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿದೆ. ನಿಷ್ಠೆಯಿಂದ ದುಡಿದವನ ಹೆಸರು ತಡವಾಗಿಯಾದರೂ ಬೆಳಕಿಗೆ ಬಂದೇ ಬರುತ್ತದೆ ಎಂಬುದಕ್ಕೆ ನಿಯೆಪ್ಸನ ಬಾಳೇ ಸಾಕ್ಷಿ.