ಎರಡು ಮಾತ್ರೆಗಳ ಹಿಂದಿನ ಸುಬ್ಬರಾವ್

ತಿಪಟೂರು ಕಡೆ ಕೀಲುವಾತ ಇರೋ ಅಜ್ಜಿಯರ ಮಾತ್ರೆ ಡಬ್ಬಿಯಲ್ಲಿ ನಾವು ಎರಡನ್ನು ನೋಡಿರ್ತೀವಿ: ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಮ್ಲ. ಎರಡರ ಹಿಂದೆಯೂ ಇದ್ದವರು ಯಲ್ಲಾಪ್ರಗಡ ಸುಬ್ಬರಾವ್.

1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದರು. ಅಣ್ಣ ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಬಲಿಯಾದರು. 1923ರಲ್ಲಿ ಅಮೆರಿಕಕ್ಕೆ ಹೋದರು. ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ 1945ರ ಹೊತ್ತಿಗೆ ಫೋಲಿಕ್ ಆಮ್ಲ ತಯಾರಿಸಿತು. ಅದೇ ಸ್ಪ್ರೂಗೂ ಮದ್ದಾಯಿತು. ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡ ಬರೋ ಮೆಥೋಟ್ರೆಕ್ಸೇಟೂ ಅಲ್ಲಿಂದಲೇ ಬಂತು. 1948ರಲ್ಲಿ, 53ಕ್ಕೇ ತೀರಿಕೊಂಡರು.

ಮೆಥೋಟ್ರೆಕ್ಸೇಟ್ ಲಿವರ್‌ಗೆ ಪೆಟ್ಟು ಕೊಡಬಹುದು. ಈಗ ಹೊಸ ಔಷಧವನ್ನು ಮೊದಲು ಲ್ಯಾಬಿನಲ್ಲಿ ಬೆಳೆಸಿದ ಲಿವರ್ ಕೋಶಗಳ ಮೇಲೆ ಹಾಕಿ, ಅವು ಅದನ್ನು ಹೇಗೆ ಒಡೀತವೆ, ಎಷ್ಟು ಸಾಯ್ತವೆ ಅಂತ ನೋಡ್ತಾರೆ. ಆದರೂ ಒಬ್ಬೊಬ್ಬರ ಲಿವರ್ ಒಂದೊಂದು ತರ. ಊರಿಗೆ ಹೋದಾಗ ಅಜ್ಜಿಯ ರಕ್ತಪರೀಕ್ಷೆ ಆಯ್ತಾ ಕೇಳೋಣ; ವಾರದ ಮಾತ್ರೆ ದಿನದ ಮಾತ್ರೆ ಆಗದಂತೆ ನೋಡ್ಕೊಳ್ಳೋಣ.