ಊರೂ ಕೊಡಬೇಕೆಂದ ದಾನಿ: ಜೂಲಿಯಸ್ ರೋಸೆನ್‌ವಾಲ್ಡ್

ಬೋಧನಾಭ್ಯಾಸದ ದಿನಗಳಲ್ಲಿ ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಜೀವನಚರಿತ್ರೆಯ ಪಾಠಕ್ಕೆ ತಕ್ಕ ವ್ಯಕ್ತಿ ಯಾರು ಎಂದು ಕೇಳಿಕೊಂಡು ನನ್ನ ಬಳಿ ಬರುತ್ತಾರೆ. ದಾನಿಯೊಬ್ಬರನ್ನು ಆರಿಸಿಕೊಂಡರೆ ಪಾಠಯೋಜನೆ ಹೆಚ್ಚುಕಡಿಮೆ ಒಂದೇ ಅಚ್ಚಿನದು: ಬಡತನದ ಬಾಲ್ಯ, ಕಷ್ಟದ ದುಡಿಮೆ, ಸಂಪತ್ತು, ಕೊನೆಗೆ ಉದಾರತೆ. ಮಕ್ಕಳು ಕೇಳುತ್ತಾರೆ, ತಲೆಯಾಡಿಸುತ್ತಾರೆ. ಒಂದು ಪ್ರಶ್ನೆಯೂ ಏಳುವುದಿಲ್ಲ. ಈಚಿನ ಕೆಲವು ವರ್ಷಗಳಿಂದ ನಾನು ಅವರಿಗೆ ಅಮೆರಿಕದ ಜೂಲಿಯಸ್ ರೋಸೆನ್‌ವಾಲ್ಡ್ ಅವರ ಬದುಕನ್ನು ಓದಲು ಹೇಳುತ್ತಿದ್ದೇನೆ. ಸಾವಿರಾರು ಹಳ್ಳಿ ಶಾಲೆಗಳು ಏಳಲು ಕಾರಣರಾದವರು ಅವರು. ಆದರೆ ಆ ಶಾಲೆಗಳನ್ನು ಕಟ್ಟಿದವರು ಅವರೇ ಎಂದು ಹೇಳಿಬಿಡಲು ಬರುವುದಿಲ್ಲ. ಆ ತೊಡಕೇ ಈ ಪಾಠದ ಜೀವ.

ರೋಸೆನ್‌ವಾಲ್ಡ್ ಹುಟ್ಟಿದ್ದು 1862ರ ಆಗಸ್ಟ್ 12ರಂದು, ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿ ಹೊರಟ ಊರು ಅದು. ತಂದೆತಾಯಿ ಜರ್ಮನಿಯಿಂದ ವಲಸೆ ಬಂದ ಯಹೂದಿಗಳು. ತಂದೆಯದು ಸಿದ್ಧ ಉಡುಪಿನ ಅಂಗಡಿ. ಹುಡುಗ ಪ್ರೌಢಶಾಲೆಯನ್ನು ಮುಗಿಸಲಿಲ್ಲ. ಹದಿಹರೆಯದಲ್ಲೇ ನ್ಯೂಯಾರ್ಕಿಗೆ ಹೋಗಿ ಸೋದರಮಾವಂದಿರ ಬಟ್ಟೆ ವ್ಯಾಪಾರದಲ್ಲಿ ಕೆಲಸ ಕಲಿತರು. 1895ರಲ್ಲಿ ಸಿಯರ್ಸ್ ರೋಬಕ್ ಎಂಬ ಕಂಪನಿಯಲ್ಲಿ ಪಾಲು ಕೊಂಡರು. ಹಳ್ಳಿಯ ರೈತರು ಕ್ಯಾಟಲಾಗ್ ನೋಡಿ ಬೇಕಾದ ಸಾಮಾನಿಗೆ ಕಾಗದ ಬರೆದರೆ ಅದನ್ನು ಮನೆಗೆ ಕಳಿಸಿಕೊಡುವುದು ಆ ಕಂಪನಿಯ ವ್ಯವಹಾರ. 1908ರ ಹೊತ್ತಿಗೆ ರೋಸೆನ್‌ವಾಲ್ಡ್ ಅದರ ಅಧ್ಯಕ್ಷರಾದರು, ದೇಶದ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದರು. ವ್ಯಾಪಾರದ ಕತೆ ಇಷ್ಟು ಸಾಕು. ಪಾಠದಲ್ಲೂ ಇದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ ಎನ್ನುತ್ತೇನೆ.

ಅವರ ದಾನಕ್ಕೆ ಒಂದು ಷರತ್ತು ಇರುತ್ತಿತ್ತು. 1910ರ ಸುಮಾರಿಗೆ ಕಪ್ಪುವರ್ಣೀಯ ಯುವಕರ ವೈಎಂಸಿಎ ಕಟ್ಟಡಗಳಿಗೆ ಹಣ ಕೊಡಲು ಮುಂದಾದಾಗ ಅವರು ಇಟ್ಟ ಲೆಕ್ಕ ಇದು: ಯಾವುದೇ ನಗರದವರು 75,000 ಡಾಲರ್ ಕೂಡಿಸಿದರೆ ತಾನು 25,000 ಡಾಲರ್ ಕೊಡುವುದು. ಇಪ್ಪತ್ತಕ್ಕೂ ಹೆಚ್ಚು ನಗರಗಳಲ್ಲಿ ಆ ಕಟ್ಟಡಗಳು ಎದ್ದವು. ದಾನ ಪಡೆಯುವವರು ಬರಿದೇ ಕೈಯೊಡ್ಡಿ ನಿಲ್ಲಬಾರದು, ಊರಿನ ಇತರರೂ ಕೈ ಹಾಕಬೇಕು ಎಂಬುದು ಇದರ ಹಿಂದಿದ್ದ ವಿಚಾರ.

1911ರಲ್ಲಿ ಅವರಿಗೆ ಬೂಕರ್ ಟಿ. ವಾಷಿಂಗ್ಟನ್ ಅವರ ಪರಿಚಯವಾಯಿತು. ಗುಲಾಮಗಿರಿಯಲ್ಲಿ ಹುಟ್ಟಿ, ಅಲಬಾಮಾದ ಟಸ್ಕೆಗಿಯಲ್ಲಿ ಕಪ್ಪುವರ್ಣೀಯ ಶಿಕ್ಷಕರನ್ನು ತರಬೇತು ಮಾಡುವ ಸಂಸ್ಥೆ ಕಟ್ಟಿದವರು ವಾಷಿಂಗ್ಟನ್. ದಕ್ಷಿಣದ ರಾಜ್ಯಗಳಲ್ಲಿ ಆಗ ಬಿಳಿಯ ಮಕ್ಕಳಿಗೆ ಒಂದು ಶಾಲೆ, ಕಪ್ಪು ಮಕ್ಕಳಿಗೆ ಬೇರೆ ಶಾಲೆ. ಎರಡನೆಯದಕ್ಕೆ ಬಹಳ ಕಡೆ ಕಟ್ಟಡವೇ ಇರಲಿಲ್ಲ. ಚರ್ಚಿನಲ್ಲೋ ಹಳೆಯ ಗುಡಿಸಿಲಿನಲ್ಲೋ ಪಾಠ, ಅದೂ ವರ್ಷದಲ್ಲಿ ಕೆಲವೇ ತಿಂಗಳು, ಹತ್ತಿಯ ಕೆಲಸ ಇಲ್ಲದ ದಿನಗಳಲ್ಲಿ. 1912ರಲ್ಲಿ ತಮ್ಮ ಐವತ್ತನೆಯ ಹುಟ್ಟುಹಬ್ಬಕ್ಕೆ ರೋಸೆನ್‌ವಾಲ್ಡ್ ದೊಡ್ಡ ಮೊತ್ತಗಳನ್ನು ದಾನ ಮಾಡಿದರು. ಅದರಲ್ಲಿ 25,000 ಡಾಲರ್ ಟಸ್ಕೆಗಿಗೆ ಹೋಯಿತು. ಆ ಹಣದಲ್ಲಿ ಸ್ವಲ್ಪ ಭಾಗವನ್ನು ಹಳ್ಳಿ ಶಾಲೆಗಳಿಗೆ ಬಳಸಿ ನೋಡೋಣವೇ ಎಂದು ವಾಷಿಂಗ್ಟನ್ ಕೇಳಿದರು. ಆರು ಶಾಲೆಗಳ ಪ್ರಯೋಗ ಶುರುವಾಯಿತು. ಮೊದಲನೆಯದು ಅಲಬಾಮಾದ ಲೋಚಪೋಕಾ ಎಂಬ ಹಳ್ಳಿಯಲ್ಲಿ. ಒಟ್ಟು ಖರ್ಚು ಸಾವಿರ ಡಾಲರಿಗೂ ಕಡಿಮೆ. ಅದರಲ್ಲಿ ರೋಸೆನ್‌ವಾಲ್ಡ್ ಹಣ 300 ಡಾಲರ್. ಮಿಕ್ಕಿದ್ದು ಜಾಗ, ವಂತಿಗೆ, ಶ್ರಮದಾನ.

ಪ್ರಯೋಗ ಗೆದ್ದಿತು. 1914ರಲ್ಲಿ ನೂರು ಶಾಲೆಗಳಿಗೆಂದು 30,000 ಡಾಲರ್ ಬಂತು. ಮರುವರ್ಷ ವಾಷಿಂಗ್ಟನ್ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. 1917ರಲ್ಲಿ ಜೂಲಿಯಸ್ ರೋಸೆನ್‌ವಾಲ್ಡ್ ನಿಧಿ ಎಂಬ ಹೆಸರಿನಲ್ಲಿ ಸಂಸ್ಥೆ ನೋಂದಣಿಯಾಯಿತು. ಸುಮಾರು ಹತ್ತು ವರ್ಷ ಅದು ಮನೆಯವರೇ ನಡೆಸಿದ ನಿಧಿ.

ನಿಧಿಯ ನಿಯಮಗಳನ್ನು ನಾನು ಪ್ರಶಿಕ್ಷಣಾರ್ಥಿಗಳಿಂದ ನಿಧಾನವಾಗಿ ಓದಿಸುತ್ತೇನೆ. ಊರಿನವರು ಹಣ, ಮರ ಅಥವಾ ದುಡಿಮೆಯ ರೂಪದಲ್ಲಿ ತಮ್ಮ ಪಾಲು ಕೊಡಬೇಕು. ಸ್ಥಳೀಯ ಶಿಕ್ಷಣ ಮಂಡಳಿಯೂ ಹಣ ಹಾಕಬೇಕು, ಮೇಷ್ಟ್ರ ಸಂಬಳ ಕೊಡಬೇಕು, ವರ್ಷಕ್ಕೆ ಕನಿಷ್ಠ ಐದು ತಿಂಗಳು ಶಾಲೆ ನಡೆಸಬೇಕು. ಶಾಲೆಗೆ ಎರಡು ಎಕರೆ ಜಾಗವಿರಬೇಕು. ಜಾಗ ಮತ್ತು ಕಟ್ಟಡದ ಪತ್ರ ಸರ್ಕಾರಿ ಶಿಕ್ಷಣ ಮಂಡಳಿಯ ಹೆಸರಿಗೆ ಆಗಬೇಕು. ಕೊನೆಯ ನಿಯಮದ ಹತ್ತಿರ ತುಸು ನಿಲ್ಲಬೇಕು. ಖಾಸಗಿ ಶಾಲೆಗಳನ್ನು ಕಟ್ಟಿ ಬಿಟ್ಟುಹೋಗುವುದು ರೋಸೆನ್‌ವಾಲ್ಡ್ ಅವರಿಗೆ ಬೇಡವಿತ್ತು. ಕಪ್ಪು ಮಕ್ಕಳ ಶಾಲೆಯೂ ಸರ್ಕಾರದ ಹೊಣೆ ಎಂದು ದಾಖಲೆಯಲ್ಲಿ ಬರೆಸಬೇಕಿತ್ತು. ಆದರೆ ಆ ಮಂಡಳಿಗಳಲ್ಲಿ ಕೂತವರು ಬಿಳಿಯರು. ಕಪ್ಪು ರೈತ ತನ್ನ ಜಾಗ ಕೊಟ್ಟು, ತಾನೇ ಕಂಬ ನೆಟ್ಟು, ಕೊನೆಗೆ ಪತ್ರವನ್ನು ತನಗೆ ಮತದ ಹಕ್ಕನ್ನೂ ಕೊಡದವರ ಕೈಗೆ ಒಪ್ಪಿಸಬೇಕಾಯಿತು.

ಊರಿನವರು ತಮ್ಮ ಪಾಲನ್ನು ಹೇಗೆ ಕೂಡಿಸಿದರು ಎಂಬುದು ರೋಸೆನ್‌ವಾಲ್ಡ್ ಅವರ ಬದುಕಿಗಿಂತ ಹೆಚ್ಚು ಮನಸ್ಸಿನಲ್ಲಿ ಉಳಿಯುವ ಕತೆ. ಕೆಲವು ರೈತರು ಹೊಲದ ಒಂದು ತುಂಡನ್ನು ಶಾಲೆಗೆಂದೇ ಮೀಸಲಿಟ್ಟು ಅಲ್ಲಿ ಬೆಳೆದ ಹತ್ತಿ ಮಾರಿದರು. ಹೆಂಗಸರು ಮೀನು ಕರಿದು, ಬುತ್ತಿ ಕಟ್ಟಿ ಹರಾಜು ಹಾಕಿ ಕಾಸು ಸೇರಿಸಿದರು. ಅಲಬಾಮಾದ ಬೊಲಿಗಿ ಎಂಬ ಬಡ ಹಳ್ಳಿಯಲ್ಲಿ ನಡೆದ ಸಭೆಯೊಂದರಲ್ಲಿ ಗುಲಾಮಗಿರಿಯ ಕಾಲ ಕಂಡಿದ್ದ ಮುದುಕರೊಬ್ಬರು ಜಿಡ್ಡುಗಟ್ಟಿದ ಹಳೆಯ ಚೀಲವೊಂದನ್ನು ತೆಗೆದು ಮೇಜಿನ ಮೇಲೆ ಸುರಿದರು. ಜೀವಮಾನದ ಉಳಿತಾಯ ಅದು. ಎಣಿಸಿದಾಗ 38 ಡಾಲರ್ ಆಯಿತು. ತನ್ನ ಕಾಲದಲ್ಲಿ ಸಿಗದಿದ್ದ ಓದು ಊರಿನ ಮಕ್ಕಳಿಗೆ ಸಿಗಲಿ ಎಂಬುದು ಅವರ ಆಸೆ. ಇಂಥ ಸಭೆಗಳನ್ನು ಕರೆದವರು, ಮನೆಮನೆಗೆ ನಡೆದವರು ಬಹುಪಾಲು ಶಿಕ್ಷಕಿಯರು. ಫಿಲಡೆಲ್ಫಿಯಾದ ಆನಾ ಜೀನ್ಸ್ ಎಂಬ ಮಹಿಳೆ ಕೊಟ್ಟ ಬೇರೊಂದು ದತ್ತಿಯಿಂದ ಸಂಬಳ ಪಡೆದು ಹಳ್ಳಿ ಶಾಲೆಗಳ ಉಸ್ತುವಾರಿ ನೋಡುತ್ತಿದ್ದವರು ಅವರಲ್ಲಿ ಮುಖ್ಯರು. ರೋಸೆನ್‌ವಾಲ್ಡ್ ಅವರ ಬಗೆಗಿನ ಬರಹಗಳಲ್ಲಿ ಈ ಶಿಕ್ಷಕಿಯರಿಗೆ ಸಿಗುವ ಜಾಗ ತೀರ ಕಡಿಮೆ ಎಂಬುದು ನನ್ನ ತಕರಾರು.

ಕಟ್ಟಡದ ವಿನ್ಯಾಸದ ಬಗ್ಗೆಯೂ ನಾಲ್ಕು ಮಾತು ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮಂಥ ಶಿಕ್ಷಕರ ಶಿಕ್ಷಣ ಕಾಲೇಜಿನ ಕೈ ಇದೆ. ಮೊದಲ ನಕ್ಷೆಗಳು ಟಸ್ಕೆಗಿಯವು. 1920ರಲ್ಲಿ ಶಾಲಾ ಕಾರ್ಯಕ್ರಮದ ಕಚೇರಿ ನ್ಯಾಶ್‌ವಿಲ್‌ಗೆ ಹೋಯಿತು. ಅಲ್ಲಿನ ಪೀಬಡಿ ಶಿಕ್ಷಕರ ಕಾಲೇಜಿನಲ್ಲಿ ಶಾಲಾ ಆರೋಗ್ಯ ಕಲಿಸುತ್ತಿದ್ದ ಫ್ಲೆಚರ್ ಡ್ರೆಸ್ಲರ್ ಅದುವರೆಗೆ ಕಟ್ಟಿದ ಶಾಲೆಗಳನ್ನು ಪರಿಶೀಲಿಸಿ ಲೋಪಗಳನ್ನು ಎತ್ತಿ ತೋರಿಸಿದ್ದರು. ಅವರ ಶಿಷ್ಯ ಸ್ಯಾಮ್ಯುಯಲ್ ಸ್ಮಿತ್ ಹೊಸ ನಕ್ಷೆಗಳನ್ನು ಮಾಡಿಸಿದರು. ವಿದ್ಯುತ್ ಇಲ್ಲದ ಹಳ್ಳಿಗಳಾದ್ದರಿಂದ ಬೆಳಕೇ ದೊಡ್ಡ ಚಿಂತೆ: ತರಗತಿಗೆ ಪೂರ್ವದಿಂದಲೋ ಪಶ್ಚಿಮದಿಂದಲೋ ಬೆಳಕು ಬರಬೇಕು, ಎತ್ತರದ ಕಿಟಕಿಗಳು ಸಾಲಾಗಿ ಒಂದೇ ಬದಿಗೆ ಇರಬೇಕು, ಬಲಗೈಯಲ್ಲಿ ಬರೆಯುವ ಮಗುವಿನ ಕೈಯ ನೆರಳು ಹಾಳೆಯ ಮೇಲೆ ಬೀಳದಂತೆ ಬೆಳಕು ಎಡಗಡೆಯಿಂದ ಸಿಗಬೇಕು. ಎರಡು ಕೋಣೆಗಳ ನಡುವೆ ಸರಿಸಬಹುದಾದ ಅಡ್ಡಗೋಡೆ. ಅದನ್ನು ಸರಿಸಿದರೆ ಊರಿನ ಸಭೆಗೆ ಜಾಗ. ನಕ್ಷೆಗಳು ಎಷ್ಟು ಚೆನ್ನಾಗಿದ್ದುವೆಂದರೆ ಬಿಳಿಯ ಮಕ್ಕಳ ಶಾಲೆಗಳಿಗೂ ಅವನ್ನು ಬಳಸಿಕೊಂಡರು. ಶಾಲಾ ಅನುಭವಕ್ಕೆ ಹೋದಾಗ ನಿಮ್ಮ ತರಗತಿಯಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ಒಮ್ಮೆ ನೋಡಿ ಬನ್ನಿ.

1932ರಲ್ಲಿ ಕಟ್ಟಡ ಕಾರ್ಯಕ್ರಮ ಮುಗಿಯುವ ಹೊತ್ತಿಗೆ 15 ರಾಜ್ಯಗಳಲ್ಲಿ 4,977 ಶಾಲೆಗಳು, 217 ಶಿಕ್ಷಕರ ಮನೆಗಳು, 163 ಕಸುಬಿನ ಕಟ್ಟಡಗಳು ಎದ್ದಿದ್ದವು. ಒಟ್ಟು ಖರ್ಚು ಸುಮಾರು 2 ಕೋಟಿ 84 ಲಕ್ಷ ಡಾಲರ್. ಇಲ್ಲಿಗೆ ಬಂದಾಗ ಪಾಠ ನಿಲ್ಲಿಸಿ, ಇದರಲ್ಲಿ ರೋಸೆನ್‌ವಾಲ್ಡ್ ಪಾಲು ಎಷ್ಟಿರಬಹುದು ಎಂದು ಮಕ್ಕಳಿಂದ ಅಂದಾಜು ಮಾಡಿಸಲು ಹೇಳುತ್ತೇನೆ. ಅರ್ಧ ಎನ್ನುವವರಿದ್ದಾರೆ, ಮುಕ್ಕಾಲು ಎನ್ನುವವರೂ ಇದ್ದಾರೆ. ಆಮೇಲೆ ಕಪ್ಪುಹಲಗೆಯ ಮೇಲೆ ಲೆಕ್ಕ ಬರೆಯಬೇಕು. ನಿಧಿ ಕೊಟ್ಟದ್ದು ಸುಮಾರು 43.7 ಲಕ್ಷ ಡಾಲರ್, ಅಂದರೆ ನೂರಕ್ಕೆ ಹದಿನೈದು. ಕಪ್ಪುವರ್ಣೀಯರು ತಾವೇ ಕೂಡಿಸಿದ್ದು 47 ಲಕ್ಷಕ್ಕೂ ಹೆಚ್ಚು. ಬಿಳಿಯರ ವಂತಿಗೆ ಸುಮಾರು 12 ಲಕ್ಷ. ಉಳಿದ 1 ಕೋಟಿ 81 ಲಕ್ಷ ಸಾರ್ವಜನಿಕ ತೆರಿಗೆಯ ಹಣ. ದೇಶದ ಶ್ರೀಮಂತರಲ್ಲೊಬ್ಬರು ಕೊಟ್ಟಿದ್ದಕ್ಕಿಂತ ಗೇಣಿದಾರರೂ ಕೂಲಿಯವರೂ ಕೊಟ್ಟದ್ದು ಹೆಚ್ಚು.

ಈ ಲೆಕ್ಕವನ್ನು ಎರಡು ರೀತಿ ಓದಬಹುದು. ಸಣ್ಣ ಮೊತ್ತವೊಂದು ದೊಡ್ಡ ಮೊತ್ತವನ್ನು ಎಬ್ಬಿಸಿತು, ಕೈಬಿಗಿಹಿಡಿದಿದ್ದ ಮಂಡಳಿಗಳಿಂದಲೂ ಹಣ ಹೊರಡಿಸಿತು ಎನ್ನುವುದು ಒಂದು. ಶಿಕ್ಷಣದ ಇತಿಹಾಸಕಾರರು ಕೆಲವರು ಇದನ್ನು ಎರಡು ಸಲ ಹೇರಿದ ತೆರಿಗೆ ಎಂದು ಕರೆದಿದ್ದಾರೆ. ಕಪ್ಪುವರ್ಣೀಯರು ಎಲ್ಲರಂತೆ ತೆರಿಗೆ ಕಟ್ಟುತ್ತಿದ್ದರು. ಆ ತೆರಿಗೆಯಲ್ಲಿ ಬಿಳಿಯ ಮಕ್ಕಳಿಗೆ ಶಾಲೆಯಾಗುತ್ತಿತ್ತು. ತಮ್ಮ ಮಕ್ಕಳಿಗೆ ಬೇಕಾದಾಗ ಜೇಬಿನಿಂದ ಮತ್ತೆ ಕೊಡಬೇಕಿತ್ತು. ಪ್ರತ್ಯೇಕ ಶಾಲೆ ಎಂಬ ಅನ್ಯಾಯವನ್ನು ನಿಧಿ ಪ್ರಶ್ನಿಸಲಿಲ್ಲ, ಅದರೊಳಗೇ ಕೆಲಸ ಮಾಡಿತು ಎಂಬುದೂ ನಿಜ. ನನಗೆ ಎರಡನೆಯ ಓದು ತಪ್ಪೆನಿಸುವುದಿಲ್ಲ. ಆದರೂ 1915ರ ಅಲಬಾಮಾದಲ್ಲಿ ಆರು ವರ್ಷದ ಮಗುವೊಂದಕ್ಕೆ ಕಾನೂನು ಬದಲಾಗುವವರೆಗೆ ಕಾಯುವಷ್ಟು ಬಾಲ್ಯ ಇರಲಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲೂ ಎಸ್‌ಡಿಎಂಸಿ ಸಭೆ ಕರೆದು ಊರಿನವರಿಂದ ಕಾಂಪೌಂಡಿಗೆ, ಶೌಚಾಲಯಕ್ಕೆ ವಂತಿಗೆ ಎತ್ತುವುದುಂಟು. ಸಮುದಾಯದ ಸಹಭಾಗಿತ್ವ ಎಂದು ಯಾವುದನ್ನು ಕರೆಯಬೇಕು, ಸರ್ಕಾರ ಮಾಡಬೇಕಾದ ಕೆಲಸ ಯಾವುದು ಎಂಬ ಗೆರೆಯನ್ನು ನಾಳೆ ಮುಖ್ಯ ಶಿಕ್ಷಕರಾಗುವವರು ತಾವೇ ಎಳೆಯಬೇಕಾಗುತ್ತದೆ. ಹಾಗಾಗಿ ಈ ಎರಡು ಓದುಗಳನ್ನೂ ತರಗತಿಯಲ್ಲಿ ವಾದಕ್ಕೆ ಬಿಡುವುದೇ ಸರಿ.

ರೋಸೆನ್‌ವಾಲ್ಡ್ ಅವರ ಇನ್ನೊಂದು ನಿಲುವು ಆ ಕಾಲದ ಶ್ರೀಮಂತರಿಗೆ ವಿಚಿತ್ರವಾಗಿ ಕಂಡಿತು. ಬಡ್ಡಿಯನ್ನಷ್ಟೇ ಖರ್ಚು ಮಾಡುತ್ತ ಅಸಲನ್ನು ಶಾಶ್ವತವಾಗಿ ಉಳಿಸುವ ದತ್ತಿಗಳನ್ನು ಅವರು ಒಪ್ಪುತ್ತಿರಲಿಲ್ಲ. ಒಂದು ತಲೆಮಾರಿನ ಅಗತ್ಯ ಮುಂದಿನವರಿಗೆ ಇರಲಿಕ್ಕಿಲ್ಲ, ಸತ್ತವರು ಬದುಕಿರುವವರ ಖರ್ಚನ್ನು ನಿರ್ಧರಿಸಬಾರದು ಎಂಬುದು ಅವರ ವಾದ. 1928ರಲ್ಲಿ ನಿಧಿಯನ್ನು ಮನೆಯವರ ಆಚೆಗಿನ ಟ್ರಸ್ಟಿಗಳಿಗೂ ತೆರೆದರು. ಎಡ್ವಿನ್ ಎಂಬ್ರೀ ಅದರ ಅಧ್ಯಕ್ಷರಾದರು. ತಾನು ಸತ್ತ 25 ವರ್ಷದೊಳಗೆ ಬಡ್ಡಿ ಮಾತ್ರವಲ್ಲ, ಅಸಲೂ ಪೂರ್ತಿ ಖರ್ಚಾಗಿಬಿಡಬೇಕೆಂದು ಷರತ್ತು ಹಾಕಿದರು. ಹೆಸರಿನ ಆಸೆಯೂ ಕಡಿಮೆ. ಷಿಕಾಗೋದಲ್ಲಿ ಅವರ ದೊಡ್ಡ ದೇಣಿಗೆಯಿಂದ ಆದ ವಿಜ್ಞಾನ ಮತ್ತು ಕೈಗಾರಿಕಾ ಸಂಗ್ರಹಾಲಯಕ್ಕೆ ತಮ್ಮ ಹೆಸರು ಬೇಡವೆಂದರು. ಹಳ್ಳಿಯವರು ಮಾತ್ರ ಶಾಲೆಗಳನ್ನು ರೋಸೆನ್‌ವಾಲ್ಡ್ ಶಾಲೆ ಎಂದೇ ಕರೆದರು, ಅನೇಕ ಕಡೆ ಗೋಡೆಗೆ ಅವರ ಪಟ ತೂಗುಹಾಕಿದರು.

1932ರ ಜನವರಿ 6ರಂದು ಅವರು ತೀರಿಕೊಂಡರು. ಆರ್ಥಿಕ ಕುಸಿತದಲ್ಲಿ ಸಿಯರ್ಸ್ ಷೇರುಗಳ ಬೆಲೆ ಬಿದ್ದು ನಿಧಿಗೆ ಕಷ್ಟ ಬಂತು. ಆದರೂ ಅದು ಕಪ್ಪುವರ್ಣೀಯ ಲೇಖಕರಿಗೆ, ಕಲಾವಿದರಿಗೆ, ವಿದ್ವಾಂಸರಿಗೆ ಫೆಲೋಷಿಪ್ ಕೊಡುವ ಕೆಲಸವನ್ನು ಮುಂದುವರಿಸಿತು. ಲ್ಯಾಂಗ್‌ಸ್ಟನ್ ಹ್ಯೂಸ್, ಗಾಯಕಿ ಮೇರಿಯನ್ ಆಂಡರ್ಸನ್, ರಾಲ್ಫ್ ಬಂಚ್ ಅದನ್ನು ಪಡೆದವರು. ಕೊಟ್ಟ ಗಡುವಿಗೂ ಮೊದಲೇ, 1948ರಲ್ಲಿ, ಎಲ್ಲ ಹಣವನ್ನೂ ಖರ್ಚು ಮಾಡಿ ನಿಧಿ ಬಾಗಿಲು ಮುಚ್ಚಿತು.

ಶಾಲೆಗಳೂ ಹೆಚ್ಚು ಕಾಲ ಉಳಿಯಲಿಲ್ಲ. 1954ರಲ್ಲಿ ಪ್ರತ್ಯೇಕ ಶಾಲೆಗಳು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಅವು ಒಂದೊಂದಾಗಿ ಮುಚ್ಚಿದವು. ಅಷ್ಟರಲ್ಲಿ ಅಲ್ಲಿ ಓದಿದವರು ಹೊರಬಂದಿದ್ದರು. ಮಾಯಾ ಏಂಜೆಲೊ ಅಂಥ ಶಾಲೆಯಲ್ಲಿ ಓದಿದವರು. ನಾಗರಿಕ ಹಕ್ಕುಗಳ ಹೋರಾಟದಲ್ಲಿ ಪೆಟ್ಟು ತಿಂದು ಮುಂದೆ ಸಂಸತ್ ಸದಸ್ಯರಾದ ಜಾನ್ ಲೂಯಿಸ್ ಕೂಡ. ಹೆಚ್ಚಿನ ಕಟ್ಟಡಗಳು ಬಿದ್ದುಹೋದವು, ಇಲ್ಲವೇ ಹುಲ್ಲು ತುಂಬುವ ಕೊಟ್ಟಿಗೆಗಳಾದವು. ಇಂದು ನಿಂತಿರುವುದು ಹತ್ತರಲ್ಲಿ ಒಂದರಷ್ಟು. ಅವುಗಳಲ್ಲಿ ಕೆಲವನ್ನು ಹಳೆಯ ವಿದ್ಯಾರ್ಥಿಗಳು ಮತ್ತೆ ವಂತಿಗೆ ಎತ್ತಿ ದುರಸ್ತಿ ಮಾಡಿಸುತ್ತಿದ್ದಾರೆ.