ಬೆಂಗಳೂರಿಗೆ ಬಂದ ಬರ್ಲಿನ್ ವಾಸ್ತುಶಿಲ್ಪಿ: ಆಟೊ ಕೋನಿಗ್ಸ್‌ಬರ್ಗರ್

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಮ್ಮ ಶಾಲೆಯ ಪೋಷಕರಿಗೆಲ್ಲ ಗೊತ್ತು. ನನ್ನ ತಾತ ಅದನ್ನು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. ಅಲ್ಲಿ ಓದಿದ ವಿಜ್ಞಾನಿಗಳ ಹೆಸರುಗಳನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ 1940ರ ದಶಕದಲ್ಲಿ ಅಲ್ಲಿ ಎದ್ದ ವಿಮಾನ ವಿಭಾಗದ ಕಟ್ಟಡ, ಊಟದ ಹಾಲ್, ಸಭಾಂಗಣ ಇವುಗಳ ನಕ್ಷೆ ಬರೆದವರು ಯಾರು ಎಂದು ನಾನು ಮನೆಯಲ್ಲಿ ಕೇಳಿದಾಗ ಯಾರಿಗೂ ಹೆಸರು ಗೊತ್ತಿರಲಿಲ್ಲ. ವಾಸ್ತುಶಿಲ್ಪ ಓದುವವರಿಗೆ ಮಾತ್ರ ಪ್ರಪಂಚದಾದ್ಯಂತ ಗೊತ್ತಿರುವ ಹೆಸರು ಅದು: ಆಟೊ ಕೋನಿಗ್ಸ್‌ಬರ್ಗರ್. ಅವರೂ ನಮ್ಮ ಅಪ್ಪ ಅಮ್ಮಂದಿರ ಹಾಗೆ ವಲಸೆ ಬಂದವರೇ. ಆದರೆ ಅವರು ಬಂದದ್ದು ಬೆಂಗಳೂರಿಗೆ.

ಅವರು ಹುಟ್ಟಿದ್ದು 1908ರ ಅಕ್ಟೋಬರ್ 13ರಂದು, ಬರ್ಲಿನ್‌ನಲ್ಲಿ, ಯಹೂದಿ ಮೂಲದ ಕುಟುಂಬದಲ್ಲಿ. ಅಲ್ಲಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿತರು. 1933ರಲ್ಲಿ ಯುವ ವಾಸ್ತುಶಿಲ್ಪಿಗಳಿಗೆ ಕೊಡುವ ಶಿಂಕೆಲ್ ಪ್ರಶಸ್ತಿ ಅವರಿಗೆ ಬಂತು. ಅದೇ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದು, ಯಹೂದಿಗಳಿಗೆ ಸರ್ಕಾರಿ ಕೆಲಸದ ಬಾಗಿಲು ಮುಚ್ಚಿತು. ಪ್ರಶಸ್ತಿ ಕೊಟ್ಟ ದೇಶದಲ್ಲೇ ಕೆಲಸ ಇಲ್ಲ! ಆಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ.

ಅವರು ಈಜಿಪ್ಟಿಗೆ ಹೋದರು. ಕೈರೋದಲ್ಲಿ ಲುಡ್ವಿಗ್ ಬೋರ್ಖಾರ್ಟ್ ಎಂಬ ಪುರಾತತ್ವ ವಿದ್ವಾಂಸರ ಜೊತೆ ಕೆಲಸ ಮಾಡುತ್ತಾ, ಪ್ರಾಚೀನ ಈಜಿಪ್ಟಿನವರು ಬಾಗಿಲುಗಳನ್ನು ಹೇಗೆ ಮಾಡುತ್ತಿದ್ದರು ಎಂಬುದರ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದರು. ಬರೀ ಬಾಗಿಲುಗಳ ಮೇಲೆ ಒಂದು ಪುಸ್ತಕ! ನನಗೆ ಇದು ಮೊದಲು ತಮಾಷೆ ಅನ್ನಿಸಿತು. ಆಮೇಲೆ ಯೋಚಿಸಿದರೆ, ಸುಡುವ ಬಿಸಿಲಿನ ನಾಡಿನಲ್ಲಿ ಜನ ಸಾವಿರಾರು ವರ್ಷಗಳ ಹಿಂದೆಯೇ ಹೇಗೆ ಕಟ್ಟಿದರು ಎಂದು ಅವರು ಹತ್ತಿರದಿಂದ ನೋಡಿದ್ದು ಅಲ್ಲಿಯೇ.

ಬೆಂಗಳೂರಿನ ದಾರಿ ತೆರೆದದ್ದು ಅವರ ಸೋದರಮಾವನಿಂದ. ಆ ಮಾವ ಮತ್ತ್ಯಾರೂ ಅಲ್ಲ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಬಾರ್ನ್ ಅವರೂ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡಿದ್ದರು. ಸರ್ ಸಿ. ವಿ. ರಾಮನ್ ಅವರು ಸಂಸ್ಥೆಯ ನಿರ್ದೇಶಕರಾಗಿದ್ದಾಗ ಬಾರ್ನ್ ಅವರನ್ನು ಬೆಂಗಳೂರಿಗೆ ಕರೆಸಿಕೊಂಡರು. 1935-36ರಲ್ಲಿ ಅವರು ಸುಮಾರು ಆರು ತಿಂಗಳು ಅಲ್ಲಿದ್ದರು. ರಾಮನ್ ಅವರಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ಕೊಡಿಸಬೇಕೆಂದಿದ್ದರು. ಆದರೆ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದು, ಸ್ವಂತ ದೇಶದವರೇ ಹೊರಗೆ ಹಾಕಿದ ಎರಡನೇ ದರ್ಜೆಯ ವಿದೇಶಿ ನಮಗೆ ಬೇಡ ಎಂಬ ಅರ್ಥದ ಮಾತಾಡಿದರು. ಬಾರ್ನ್ ಆ ದಿನ ಮನೆಗೆ ಬಂದು ಹೆಂಡತಿಯ ಮುಂದೆ ಅತ್ತರಂತೆ. ಹುದ್ದೆ ಸಿಗಲಿಲ್ಲ, ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂತು. ಆ ಪ್ರಾಧ್ಯಾಪಕರು ಆಗ ಏನಂದುಕೊಂಡಿರಬಹುದು ಎಂದು ನನಗೆ ಕುತೂಹಲ.

ಆದರೆ ಆ ಆರು ತಿಂಗಳು ವ್ಯರ್ಥವಾಗಲಿಲ್ಲ. ಮೈಸೂರಿನ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರಿಗೂ ಬಾರ್ನ್ ಅವರಿಗೂ ಪರಿಚಯವಾಗಿತ್ತು. ಆ ಪರಿಚಯದಿಂದಲೇ 1939ರಲ್ಲಿ ಮೂವತ್ತು ವರ್ಷದ ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದಿಳಿದರು. ಮಾವನನ್ನು ಬೇಡ ಎಂದ ಅದೇ ಸಂಸ್ಥೆಯ ಆವರಣದಲ್ಲಿ ಮುಂದೆ ಅಳಿಯ ಕಟ್ಟಡ ಕಟ್ಟಿದರು!

ದಿವಾನರಿಗೂ ಈ ಹೊಸಬರಿಗೂ ಅಭಿರುಚಿ ಹೊಂದಲಿಲ್ಲ. ಮಿರ್ಜಾ ಸಾಹೇಬರಿಗೆ ಗುಮ್ಮಟ, ಕಮಾನು, ಅಂದವಾದ ಮುಖಮಂಟಪ ಇಷ್ಟ. ಬೃಂದಾವನ ಗಾರ್ಡನ್ ನೋಡಿದವರಿಗೆ ಅವರ ಮನಸ್ಸು ಅರ್ಥವಾಗುತ್ತದೆ. ಬರ್ಲಿನ್‌ನಲ್ಲಿ ಕಲಿತವರಿಗೆ ಅಲಂಕಾರ ಬೇಕಿರಲಿಲ್ಲ, ಕಟ್ಟಡ ತನ್ನ ಕೆಲಸವನ್ನು ಚೆನ್ನಾಗಿ ಮಾಡಬೇಕು ಅಷ್ಟೇ. ನನಗೆ ಇಬ್ಬರ ಮೇಲೂ ಗೌರವ ಇದೆ. ತನ್ನ ಅಭಿರುಚಿಗೆ ಒಗ್ಗದ ಮನುಷ್ಯನನ್ನು ಕೆಲಸದಲ್ಲಿ ಉಳಿಸಿಕೊಳ್ಳುವುದೂ ದೊಡ್ಡ ಗುಣವೇ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪವೂ ಕೋನಿಗ್ಸ್‌ಬರ್ಗರ್ ಅವರದೇ. ಅಲ್ಲಿ ವಾಕಿಂಗ್ ಮಾಡಿದವರು ನಮ್ಮಲ್ಲಿ ಬಹಳ ಜನ ಇರಬೇಕು.

ಅವರು ಬೆಂಗಳೂರಿನಲ್ಲಿ ಕೇಳಿದ ಪ್ರಶ್ನೆ ಸರಳ: ಇಲ್ಲಿ ಬಿಸಿಲು ಎಲ್ಲಿಂದ ಬೀಳುತ್ತದೆ, ಗಾಳಿ ಎಲ್ಲಿಂದ ಬರುತ್ತದೆ? ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಧ್ಯಾಹ್ನದ ಸೂರ್ಯ ನೆತ್ತಿಯ ಹತ್ತಿರ ಇರುತ್ತಾನೆ. ಆದ್ದರಿಂದ ಉತ್ತರ, ದಕ್ಷಿಣದ ಗೋಡೆಗಳಿಗೆ ಕಿಟಕಿಯ ಮೇಲೆ ಒಂದು ಸಜ್ಜಾ ಚಾಚಿದರೆ ಸಾಕು, ನೆರಳು ಸಿಗುತ್ತದೆ. ಬೆಳಿಗ್ಗೆ, ಸಂಜೆ ಸೂರ್ಯ ಕೆಳಗಿರುವಾಗ ಪೂರ್ವ, ಪಶ್ಚಿಮದ ಗೋಡೆಗೆ ಬಿಸಿಲು ನೇರವಾಗಿ ಹೊಡೆಯುತ್ತದೆ, ಅದನ್ನು ಯಾವ ಸಜ್ಜಾ ತಡೆಯುವುದಿಲ್ಲ. ಹಾಗಾಗಿ ಕಟ್ಟಡದ ಉದ್ದದ ಗೋಡೆಗಳನ್ನು ಉತ್ತರ-ದಕ್ಷಿಣಕ್ಕೆ ಮುಖ ಮಾಡಿಸಬೇಕು, ಎದುರುಬದುರು ಕಿಟಕಿ ಇಟ್ಟು ಗಾಳಿ ಹಾಯಲು ಬಿಡಬೇಕು. ಏರ್ ಕಂಡೀಷನ್ ಬೇಕಾಗುವುದಿಲ್ಲ. ಇದೇ ಲೆಕ್ಕ ನ್ಯೂಜೆರ್ಸಿಯಲ್ಲಿ ಬೇರೆ. ಇಲ್ಲಿ ಜನವರಿಯ ಸೂರ್ಯ ದಕ್ಷಿಣದಲ್ಲಿ ತಗ್ಗಿನಲ್ಲಿರುತ್ತಾನೆ, ಅವನನ್ನು ಒಳಗೆ ಕರೆಯಬೇಕು. ನಾವಂತೂ ಎಡಿಸನ್ ಇರಲಿ, ಬೆಂಗಳೂರಿರಲಿ, ಪೂರ್ವದ ಬಾಗಿಲೇ ಬೇಕು ಎಂದು ವಾರಗಟ್ಟಲೆ ಮನೆ ಹುಡುಕುತ್ತೇವೆ! ವಾಸ್ತು ನಂಬುವ ಹಿರಿಯರು ಕ್ಷಮಿಸಬೇಕು.

ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಭಾಗ ಶುರುವಾದದ್ದು 1942ರಲ್ಲಿ, ಯುದ್ಧದ ಮಧ್ಯೆ. ಅದಕ್ಕೆ ಗಾಳಿಸುರಂಗದ ಸಮೇತ ಕಟ್ಟಡದ ವಿನ್ಯಾಸ ಮಾಡಿದ್ದು ಇವರೇ. ಟಾಟಾ ಕಂಪನಿಗೆ ಜಮ್‌ಶೆಡ್‌ಪುರದ ನಗರ ಯೋಜನೆ ಬರೆದರು. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆಯೂ ಅವರದೇ.

ಅದೇ ವರ್ಷ ನೆಹರೂ ಸರ್ಕಾರ ಅವರನ್ನು ದೆಹಲಿಗೆ ಕರೆದು ವಸತಿ ನಿರ್ದೇಶಕರನ್ನಾಗಿ ಮಾಡಿತು. ವಿಭಜನೆಯಾಗಿ ಲಕ್ಷಗಟ್ಟಲೆ ಜನ ಮನೆಮಠ ಬಿಟ್ಟು ಬಂದು ಶಿಬಿರಗಳಲ್ಲಿದ್ದರು. ಸ್ವತಃ ನಿರಾಶ್ರಿತನಾಗಿದ್ದ ಮನುಷ್ಯನ ಕೈಗೆ ನಿರಾಶ್ರಿತರಿಗೆ ಮನೆ ಕಟ್ಟಿಸುವ ಕೆಲಸ ಬಂತು. ಒಂದೊಂದೇ ಇಟ್ಟಿಗೆ ಜೋಡಿಸುತ್ತಾ ಕೂತರೆ ಆಗುವುದಿಲ್ಲ ಎಂದು ಕಾರ್ಖಾನೆಯಲ್ಲೇ ಗೋಡೆಯ ಹಲಗೆಗಳನ್ನು ತಯಾರಿಸಿ, ತಂದು ಜೋಡಿಸುವ ಯೋಜನೆ ಮಾಡಿದರು. ದೆಹಲಿಯಲ್ಲಿ ಕಾರ್ಖಾನೆ ಎದ್ದಿತು. ಆದರೆ ಕಾಂಕ್ರೀಟಿನ ಹಲಗೆಗಳು ಬಿರುಕು ಬಿಟ್ಟವು. ಪಾರ್ಲಿಮೆಂಟಿನಲ್ಲಿ ಗಲಾಟೆಯಾಯಿತು. 1951ರಲ್ಲಿ ಅವರು ಭಾರತ ಬಿಟ್ಟು ಲಂಡನ್ನಿಗೆ ಹೊರಟರು. ಬಿಸಿಲು, ಗಾಳಿ ನೋಡಿ ಒಂದೊಂದು ಕಟ್ಟಡವನ್ನೂ ಬೇರೆಯಾಗಿ ಯೋಚಿಸುತ್ತಿದ್ದವರು ಎಲ್ಲರಿಗೂ ಒಂದೇ ಅಚ್ಚಿನ ಮನೆ ಮಾಡಲು ಹೋಗಿ ಸೋತರು ಎಂದು ಹೇಳುವುದು ಸುಲಭ. ಮಳೆಯಲ್ಲಿ ಟೆಂಟಿನೊಳಗೆ ಮಕ್ಕಳು ಮಲಗಿರುವಾಗ ನಾನಾಗಿದ್ದರೂ ಬೇಗ ಆಗುವ ದಾರಿಯನ್ನೇ ಹಿಡಿಯುತ್ತಿದ್ದೆ.

ಹನ್ನೆರಡು ವರ್ಷ ಭಾರತದಲ್ಲಿದ್ದು, ಸೋತು ಹೋದವರು ಲಂಡನ್ನಿನಲ್ಲಿ ಸುಮ್ಮನೆ ಕೂರಲಿಲ್ಲ. ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಉಷ್ಣವಲಯದ ವಾಸ್ತುಶಿಲ್ಪಕ್ಕೆಂದೇ ಒಂದು ವಿಭಾಗ ಇತ್ತು. 1957ರಲ್ಲಿ ಅವರು ಅದರ ಮುಖ್ಯಸ್ಥರಾದರು. ಆಫ್ರಿಕಾ, ಏಷ್ಯಾದ ಹೊಸದಾಗಿ ಸ್ವತಂತ್ರವಾದ ದೇಶಗಳಿಂದ ವಿದ್ಯಾರ್ಥಿಗಳು ಬಂದು ಕಲಿತು, ತಮ್ಮ ಊರಿಗೆ ಹೋಗಿ ಕಟ್ಟಿದರು. ವಿಶ್ವಸಂಸ್ಥೆಯ ಪರವಾಗಿ ಘಾನಾ, ಸಿಂಗಾಪುರಕ್ಕೆ ಸಲಹೆಗಾರರಾಗಿ ಹೋದಾಗ ಅವರ ಜೊತೆಗಾರರು ನಮ್ಮ ಪಕ್ಕದ ಬ್ರೂಕ್ಲಿನ್‌ನಲ್ಲಿ ಬೆಳೆದ ಚಾರ್ಲ್ಸ್ ಏಬ್ರಮ್ಸ್. ಅವರೂ ಚಿಕ್ಕಂದಿನಲ್ಲಿ ಅಮೆರಿಕಕ್ಕೆ ವಲಸೆ ಬಂದವರೇ.

ಅವರು 1999ರ ಜನವರಿ 3ರಂದು ಲಂಡನ್ನಿನಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಬಿಸಿ ನಾಡಿನ ಮನೆಗಳ ಬಗ್ಗೆ ಅವರು ಸಂಗಡಿಗರ ಜೊತೆ 1970ರ ದಶಕದಲ್ಲಿ ಬರೆದ ಪಠ್ಯಪುಸ್ತಕ ಭಾರತದ ಕಾಲೇಜುಗಳಲ್ಲಿ ಇನ್ನೂ ನಡೆಯುತ್ತಿದೆ. ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಿರುವ ನನ್ನ ಚಿಕ್ಕಪ್ಪನ ಮಗಳು, ಪರೀಕ್ಷೆಗೆ ಕೋನಿಗ್ಸ್‌ಬರ್ಗರ್ ಓದುತ್ತಿದ್ದೀನಿ ಕಣೋ ಅಂತ ಫೋನಿನಲ್ಲಿ ಹೇಳುತ್ತಿದ್ದಳು. ಅವರು ಬಸವನಗುಡಿಯಲ್ಲಿ ಒಂದು ಮಂಟಪ ಕಟ್ಟಿದ್ದಾರೆ ಎಂದು ಅವಳಿಗೆ ನಾನೇ ಹೇಳಿದೆ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಇಬ್ಬರೂ ಹೋಗಿ ನೋಡುವುದು ಎಂದು ಮಾತಾಗಿದೆ.